ಮೊದಲ್ನೇ ಆಟಕ್ಕೇ ಕೋಟೆ ಮುತ್ತಿಗೆ ಬೇಡ

ಪ್ರಶ್ನೆ: ನಮಸ್ಕಾರ ಸರ್, ನಾನೂ ನನ್ನ ತಮ್ಮನೂ ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ಹಳೇ ಯುದ್ಧಗಳನ್ನ ಆಡ್ಬೇಕು ಅಂತಿದೀವಿ. 1791ರ ಬೆಂಗಳೂರು ಕೋಟೆ ಮುತ್ತಿಗೆನೇ ಮಾಡೋಣ ಅಂತಾನೆ ಅವ್ನು. ಯಾವ ರೂಲ್ಸ್ ತಗೊಳ್ಳೋದು? ಇರೋದು ಊಟದ ಟೇಬಲ್ ಅಷ್ಟೇ.
– ಓದುಗ, ರಾಜಾಜಿನಗರ

ಉತ್ತರ: ನಮ್ಮೂರ ಕೋಟೆ ಅಂದ್ರೆ ಆಸೆ ಆಗೋದು ಸಹಜ, ಆದ್ರೆ ಮುತ್ತಿಗೇಲಿ ಗೋಡೆ ಬೀಳೋವರೆಗೂ ಫಿರಂಗಿ ಹೊಡೀತಾ ಕೂರ್ಬೇಕು, ಒಳಗಿರೋನಿಗೆ ಕೆಲ್ಸನೇ ಕಮ್ಮಿ, ಬೇಜಾರಾಗುತ್ತೆ. 1780ರ ಪೊಳ್ಳಿಲೂರು ಯುದ್ಧ ತಗೊಳ್ಳಿ. ಬ್ರಿಟಿಷರ ಕರ್ನಲ್ ಬೈಲಿ ಪಡೆ ಕಾಂಚೀಪುರದ ಕಡೆಯಿದ್ದ ಅವರದೇ ಜನರಲ್ ಮನ್ರೋನ ಸೇರ್ಕೋಬೇಕು, ಹೈದರ್ ಅಲಿ, ಟಿಪ್ಪು ದಾರೀಲೇ ತಡೀಬೇಕು, ಇಬ್ರಿಗೂ ಗುರಿ ಸ್ಪಷ್ಟ. ಮೊದ್ಲು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ ಗೋಡೆ ಚಿತ್ರ ನೋಡ್ಕೊಂಡ್ ಬನ್ನಿ, ಬೈಲಿ ಪಲ್ಲಕ್ಕೀಲಿ ಕೂತಿದಾನೆ, ಸುತ್ತ ಕೆಂಪು ಕೋಟಿನ ಸೈನಿಕರು ಚೌಕವಾಗಿ ನಿಂತಿದಾರೆ, ಮದ್ದಿನ ಗಾಡಿ ಸಿಡೀತಿದೆ. ಬೈಲಿ ಸೋತಿದ್ರಲ್ಲಿ ಆ ಗಾಡಿ ಪಾತ್ರ ದೊಡ್ದು, ಅದಕ್ಕೇ ನಿಮ್ಮಾಟದಲ್ಲೂ ಅದು ಸಿಡಿಯುತ್ತಾ ಇಲ್ವಾ ಅಂತ ನೋಡೋಕೆ ಒಂದು ದಾಳ ಇರ್ಲಿ.

ಇನ್ನು ರೂಲ್ಸ್ ವಿಷ್ಯ. ಡಿಬಿಎ ಅನ್ನೋ ರೂಲ್ಸ್ ಚಿಕ್ಕದು, ಒಂದ್ಕಡೆಗೆ 12 ತುಕಡಿ ಸಾಕು, ಆದ್ರೆ ಅದು ಪ್ರಾಚೀನ, ಮಧ್ಯಯುಗದ ಯುದ್ಧಕ್ಕೆ. ಕೋವಿ ಕಾಲಕ್ಕೆ ಬ್ಲಾಕ್ ಪೌಡರ್ ಅನ್ನೋ ರೂಲ್ಸೇ ನನ್ನ ಆಯ್ಕೆ, ಯಾಕಂದ್ರೆ ಅಲ್ಲಿ ಆರ್ಡರ್ ಕೊಟ್ಮೇಲೂ ದಾಳ ಕೈಕೊಟ್ರೆ ಪಡೆ ನಿಂತಲ್ಲೇ ನಿಲ್ಲುತ್ತೆ, ನಿಜವಾದ ರಣರಂಗದ ಗೊಂದಲ ಅಂದ್ರೆ ಅದೇ ತಾನೇ. ದೊಡ್ಡ ಟೇಬಲ್‌ಗೆ ಬರ್ದಿರೋ ರೂಲ್ಸ್ ಅದು, ಅಳತೆ ಎಲ್ಲಾ ಅರ್ಧ ಮಾಡ್ಕೊಂಡು 6 ಎಂಎಂ ಗೊಂಬೆ ತಗೊಳ್ಳಿ. ಮನ್ರೋ ಪಡೆನ ಟೇಬಲ್ ಹೊರಗಿಟ್ಟು, ಪ್ರತಿ ಸರದೀಲೂ ಬರ್ತಾನಾ ಇಲ್ವಾ ಅಂತ ದಾಳ ಹಾಕಿ, ಬೈಲಿ ಆಡೋನಿಗೆ ಕೊನೇವರೆಗೂ ಆಸೆ ಇರುತ್ತೆ.