ಗಂಟೆಗೆ ನೂರು ನಿಮಿಷ ಯಾಕಿಲ್ಲ?

ಪ್ರಶ್ನೆ: ಐದನೇ ಕ್ಲಾಸಿನ ಮಗಳು "ಗಂಟೆಗೆ 60 ನಿಮಿಷ ಯಾಕಪ್ಪಾ? 100 ಇದ್ದಿದ್ರೆ ಲೆಕ್ಕ ಸುಲಭ ಅಲ್ವಾ?" ಎಂದು ಕೇಳಿದಳು. ಇದು ಸುಮೇರಿಯನ್ನರ ಕೆಲಸ ಎಂದು ಒಂದು ವಿಡಿಯೋದಲ್ಲಿತ್ತು, ಬ್ಯಾಬಿಲೋನಿಯನ್ನರದ್ದು ಎಂದು ಇನ್ನೊಂದರಲ್ಲಿ. ಯಾವುದು ಸರಿ? ಇಬ್ಬರೂ ಒಂದೇನಾ?
– ಓದುಗರೊಬ್ಬರು, ತುಮಕೂರು

ಉತ್ತರ: ಇಬ್ಬರೂ ಒಂದೇ ಅಲ್ಲ. ಆದರೆ ನೆಲ ಒಂದೇ, ಇವತ್ತಿನ ಇರಾಕಿನ ದಕ್ಷಿಣ ಭಾಗ. ಮೊದಲು ಬಂದವರು ಸುಮೇರಿಯನ್ನರು. ಕ್ರಿ.ಪೂ. 3300ರ ಹೊತ್ತಿಗೆ ಉರುಕ್ ಪಟ್ಟಣದಲ್ಲಿ ಹಸಿ ಮಣ್ಣಿನ ಹಲಗೆ ಮೇಲೆ ಬರೆಯುತ್ತಿದ್ದರು. ಬರೆದದ್ದು ಕಥೆ ಕಾವ್ಯ ಅಲ್ಲ, ಹೆಚ್ಚಿನದು ಬಾರ್ಲಿ, ಬಿಯರ್, ಕುರಿಗಳ ಲೆಕ್ಕ! ಬ್ಯಾಬಿಲೋನಿಯನ್ನರ ಮಾತು ಅಕ್ಕಾಡಿಯನ್, ಅರಬ್ಬಿ ಭಾಷೆಯ ದೂರದ ನೆಂಟ. ಅವರ ದೊರೆ ಹಮ್ಮುರಾಬಿಯ ಕಾಲಕ್ಕೆ, ಅಂದರೆ ಕ್ರಿ.ಪೂ. 1750ರ ಸುಮಾರಿಗೆ, ಸುಮೇರಿಯನ್ ಮಾತು ಮನೆಗಳಲ್ಲಿ ನಿಂತೇ ಹೋಗಿತ್ತು. ಆದರೂ ಶಾಲೆಯ ಹುಡುಗರು ಅದನ್ನು ಉರು ಹೊಡೆಯುತ್ತಿದ್ದರು, ನಮ್ಮ ಪಾಠಶಾಲೆಗಳಲ್ಲಿ ಸಂಸ್ಕೃತ ಕಲಿತ ಹಾಗೆ.

60ರ ಲೆಕ್ಕ ಶುರುವಾಗಿದ್ದು ಸುಮೇರಿಯನ್ನರಲ್ಲಿ. ಆಗ ಒಂದೊಂದು ವಸ್ತುವಿಗೆ ಒಂದೊಂದು ಲೆಕ್ಕ ಇತ್ತು. ನಾವು ರಾಗಿಗೆ ಸೇರು, ಬಾಳೆಹಣ್ಣಿಗೆ ಡಜನ್ ಅಂತೀವಲ್ಲ, ಹಾಗೆ. ಕುರಿ, ಆಳುಗಳನ್ನು ಎಣಿಸುವಾಗ ಹತ್ತು, ಅರವತ್ತು ಎಂದು ಗುಂಪು ಮಾಡುತ್ತಿದ್ದರು. ಬೆರಳಿನ ಗೆರೆ ಎಣಿಸಿ 60 ಬಂತು ಎಂದು ಹೇಳುವವರಿದ್ದಾರೆ. ಕೇಳೋಕೆ ಚೆನ್ನಾಗಿದೆ, ಸಾಕ್ಷಿ ಮಾತ್ರ ಇಲ್ಲ.

ಇದರಿಂದ ಎಂಥ ಗಣಿತ ಮಾಡಬಹುದು ಎಂದು ತೋರಿಸಿದವರು ಬ್ಯಾಬಿಲೋನಿಯನ್ನರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅಂಗೈಯಲ್ಲಿ ಕೂರುವಷ್ಟು ದೊಡ್ಡ, ಗುಂಡಗಿನ ಮಣ್ಣಿನ ಹಲಗೆ ಒಂದಿದೆ. ಸುಮಾರು 3,700 ವರ್ಷ ಹಳೆಯದು. ಅದರ ಮೇಲೆ ಒಂದು ಚೌಕ, ಮೂಲೆಯಿಂದ ಮೂಲೆಗೆ ಎರಡು ಗೆರೆ. ಚೌಕದ ಬದಿಗೆ 30 ಎಂದಿದೆ. ಕರ್ಣದ ಗೆರೆ ಮೇಲೆ 1, 24, 51, 10 ಎಂದು ಒತ್ತಿದ್ದಾರೆ. ಒಂದು, ಅದಕ್ಕೆ ಅರವತ್ತರಲ್ಲಿ 24, ಮೂರು ಸಾವಿರದ ಆರುನೂರರಲ್ಲಿ 51, ಹೀಗೆ ಕೂಡಿಸುತ್ತಾ ಹೋದರೆ 1.414213 ಸಿಗುತ್ತದೆ. ಅದು ಎರಡರ ವರ್ಗಮೂಲ! ಐದು ದಶಾಂಶದವರೆಗೂ ಸರಿ. ಬಹುಶಃ ಶಾಲೆ ಹುಡುಗನ ಹಲಗೆ. ನನಗಂತೂ ಅರಮನೆ, ಗೋಪುರಗಳಿಗಿಂತ ಇದೇ ಜಾಸ್ತಿ ಇಷ್ಟ.

ಆದರೆ ಗಂಟೆಯನ್ನು 60 ನಿಮಿಷ ಮಾಡಿದ್ದು ಇವರಿಬ್ಬರೂ ಅಲ್ಲ. ಬ್ಯಾಬಿಲೋನಿಯನ್ನರು ದಿನವನ್ನು 12 ಪಾಲು ಮಾಡುತ್ತಿದ್ದರು, 24ರ ಪದ್ಧತಿ ಈಜಿಪ್ಟಿನದು. ಗ್ರೀಕ್ ಖಗೋಳಜ್ಞರು ಬ್ಯಾಬಿಲೋನಿನ ಆಕಾಶದ ದಾಖಲೆಗಳ ಜೊತೆ 60ರ ಭಾಗಗಳನ್ನೂ ಎತ್ತಿಕೊಂಡರು. ಎರಡನೇ ಶತಮಾನದ ಟಾಲೆಮಿ ಡಿಗ್ರಿಯನ್ನು 60 ಚೂರು ಮಾಡಿದ, ಆ ಚೂರನ್ನು ಮತ್ತೆ 60 ಮಾಡಿದ. ಲ್ಯಾಟಿನ್ನಿನಲ್ಲಿ ಮೊದಲನೆಯದು 'ಮೊದಲ ಸಣ್ಣ ಭಾಗ', ಎರಡನೆಯದು 'ಎರಡನೇ ಸಣ್ಣ ಭಾಗ' ಎನಿಸಿಕೊಂಡಿತು. ನಮ್ಮ ಬಾಯಲ್ಲಿರುವ ಮಿನಿಟು, ಸೆಕೆಂಡು ಬಂದಿದ್ದು ಅಲ್ಲಿಂದಲೇ. ಗಂಟೆಗೂ ಇದೇ ಲೆಕ್ಕ ಅಂಟಿಕೊಂಡಿದ್ದು ಆಮೇಲೆ.

ಮಗಳಿಗೆ ಇಷ್ಟೆಲ್ಲ ಹೇಳಬೇಕಿಲ್ಲ. 60 ಹುಣಸೆ ಬೀಜ ಕೊಡಿ. ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಐವರಿಗೆ, ಆರು ಜನಕ್ಕೆ ಸಮನಾಗಿ ಹಂಚು ಅನ್ನಿ. ಆಮೇಲೆ 100 ಬೀಜ ಕೊಟ್ಟು ಮೂವರಿಗೆ ಹಂಚೋಕೆ ಹೇಳಿ.