ಸಿರುಗುಪ್ಪ ಕಡೆ ಕುಡಿತ ಬಿಟ್ಟವರ ಗುಂಪು ಇದೆಯಾ?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 34, ಎರಡು ಸಲ ಬಿಟ್ಟು ಎರಡು ಸಲವೂ ಮತ್ತೆ ಹಿಡಿದಿದ್ದೀರಿ. ಮ್ಯಾಪಿನಲ್ಲಿ ಹುಡುಕಿದರೆ ದುಡ್ಡು ಕೇಳುವ ಸೆಂಟರುಗಳೇ ಬರುತ್ತವೆ, ಸುಮ್ಮನೆ ಕೂತು ಮಾತಾಡುವ ಗುಂಪು ಬೇಕು ಅಂದಿದ್ದೀರಿ. ಇವೆ. ಬಾಗಿಲಿಗೆ ಬೋರ್ಡ್ ಹಾಕಿಕೊಳ್ಳದ ಗುಂಪುಗಳು, ಅದಕ್ಕೇ ಮ್ಯಾಪಿನಲ್ಲಿ ಸಿಕ್ಕಿಲ್ಲ.

ನಾನು ಇದೇ ಕಡೆ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಬಿಟ್ಟು ಆರು ವರ್ಷ ಆಯ್ತು.

ಗುಂಪಿಗಿಂತ ಮೊದಲು ಒಂದು ಮಾತು. ಬೆಳಗ್ಗೆ ಎದ್ದಕೂಡಲೇ ಕೈ ನಡುಗಿ, ಒಂದು ಪಾಕೀಟು ಹರಿದು ಬಾಯಿಗೆ ಸುರಿದುಕೊಂಡ ಮೇಲೇ ನಿಲ್ಲುತ್ತದಾ? ಹಾಗಿದ್ದರೆ ಮನೆಯಲ್ಲಿ ಒಮ್ಮೆಲೇ ಬಿಡಬೇಡಿ. ನಾನು ಶಿವರಾತ್ರಿಗೆ ಆಣೆ ಮಾಡಿ ಬಿಟ್ಟವನು. ಮೂರನೇ ರಾತ್ರಿ ಗೋಡೆ ತುಂಬ ಇರುವೆ ಹರಿಯುತ್ತಿವೆ ಅಂತ ಕಸಬರಿಗೆ ಹಿಡಿದು ಗೋಡೆ ಗುಡಿಸುತ್ತಿದ್ದೆನಂತೆ. ಗಾಳಿ ಸೋಕಿದೆ ಅಂತ ನಮ್ಮವ್ವ ದಾರ ಕಟ್ಟಿಸಿಕೊಂಡು ಬಂದಳು. ಸೋಕಿದ್ದು ಗಾಳಿಯಲ್ಲ. ವರ್ಷಗಟ್ಟಲೆ ದಿನಾ ಕುಡಿದವರು ತಟ್ಟನೆ ನಿಲ್ಲಿಸಿದರೆ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಹೀಗಾಗಬಹುದು, ಅದಕ್ಕೂ ಮೊದಲೇ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಆಸ್ಪತ್ರೆಯಲ್ಲಾದರೆ ಮಾತ್ರೆ ಕೊಟ್ಟು, ದಿನಾ ಆ ಮಾತ್ರೆಯನ್ನೇ ಸ್ವಲ್ಪ ಇಳಿಸುತ್ತಾ, ಬಿ-1 ವಿಟಮಿನ್ ಚುಚ್ಚಿ ದಾಟಿಸುತ್ತಾರೆ.

ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇವತ್ತು ದೇಶದ ತುಂಬ ಇದೆಯಲ್ಲ, ಅದನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮೊದಲು ಮಾಡಿ ನೋಡಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಬಿಸಿಲು ಮತ್ತು ಗಣಿಧೂಳಿಗಷ್ಟೇ ಹೆಸರಾದ ಊರಲ್ಲ ಸ್ವಾಮಿ. ಬಳ್ಳಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋರೋಗ ಡಾಕ್ಟರು ಬರುವ 'ಮನೋಚೈತನ್ಯ' ಅನ್ನೋ ವ್ಯವಸ್ಥೆಯೂ ಇದೆ, ಈ ವಾರ ಬರುತ್ತಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಯಾರ ಮುಖವನ್ನೂ ನೋಡುವ ಧೈರ್ಯ ಇನ್ನೂ ಇಲ್ಲವೆಂದರೆ 14446ಕ್ಕೆ ಫೋನ್ ಮಾಡಿ, ವ್ಯಸನಮುಕ್ತಿಗೆಂದೇ ಇರುವ ಸರ್ಕಾರಿ ಸಹಾಯವಾಣಿ, ದುಡ್ಡು ಬೀಳೋದಿಲ್ಲ. 14416 ಟೆಲಿಮಾನಸ್, ಮನಸ್ಸಿನ ಕಷ್ಟಕ್ಕೆಂದು ಇರುವ ಸರ್ಕಾರಿ ಸಹಾಯವಾಣಿ, ಅಲ್ಲೂ ಕನ್ನಡದಲ್ಲಿ ಮಾತಾಡುತ್ತಾರೆ.

ಈಗ ಗುಂಪಿನ ವಿಷಯ. ನಿಮ್ಮ ಓಣಿಯಲ್ಲಿ ಧರ್ಮಸ್ಥಳ ಸಂಘಕ್ಕೆ ವಾರದ ಕಂತು ಕಟ್ಟುವ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ಕೇಳಿ. ಆ ಸಂಘ ನಡೆಸುವ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರೇ ಜನಜಾಗೃತಿ ವೇದಿಕೆ ಜೊತೆ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿಸಿದವರನ್ನು ಸೇರಿಸಿ 'ನವಜೀವನ ಸಮಿತಿ' ಅಂತ ಕಟ್ಟುತ್ತಾರೆ, ನೀವು ಹುಡುಕುತ್ತಿರುವ ಗುಂಪು ಅದೇ. ನನಗೆ ದಾರಿ ತೋರಿಸಿದ್ದು ಗೂಗಲ್ ಅಲ್ಲ, ಹಿಂದಿನ ಮನೆ ಈರಮ್ಮಕ್ಕ. ಭಜನೆ, ಪ್ರಾರ್ಥನೆ ಇರುತ್ತದೆ. ಅದು ಒಗ್ಗದವರೂ ಇದ್ದಾರೆ, ತಪ್ಪೇನಿಲ್ಲ.

ಒಗ್ಗದಿದ್ದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎ.ಎ. 1935ರಲ್ಲಿ ಅಮೆರಿಕದಲ್ಲಿ ಒಬ್ಬ ಷೇರು ವ್ಯಾಪಾರದವನು, ಒಬ್ಬ ಡಾಕ್ಟರು, ಹೀಗೆ ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ ಹುಟ್ಟಿದ್ದು. ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಬಿಡುವ ಆಸೆ ಇದ್ದರೆ ಸಾಕು. ಅವರ ಭಾರತದ ವೆಬ್‌ಸೈಟಿನಲ್ಲಿ ಊರುವಾರು ಸಭೆಗಳ ವಿವರ ಇದೆ. ಹತ್ತಿರದಲ್ಲಿ ಸಿಗದಿದ್ದರೆ ಫೋನಿನಲ್ಲೇ ಸೇರುವ ಸಭೆಗಳಿವೆ. ಮನೆಯವರಿಗಾಗಿ ಅಲ್-ಅನಾನ್ ಅಂತ ಬೇರೆಯೇ ಇದೆ.

ನನ್ನ ಮೊದಲ ಸಭೆ ಹೇಳುತ್ತೇನೆ. ಶಾಲೆಯ ಒಂದು ಕೋಣೆ, ಗೋಡೆಗೆ ಮಗ್ಗಿ ಪಟ್ಟಿ. ನಾನು ಚಪ್ಪಲಿ ಬಾಗಿಲ ಹತ್ತಿರವೇ ಬಿಟ್ಟೆ, ಓಡಿಹೋಗೋದಕ್ಕೆ ಸುಲಭ ಅಂತ. ಯಾರಾದರೂ ನೋಡಿದರೆ ಅನ್ನೋ ಭಯ. ಬಸ್‌ಸ್ಟ್ಯಾಂಡಿನಲ್ಲಿ ಲುಂಗಿ ಬಿಚ್ಚಿ ಬಿದ್ದಿದ್ದನ್ನು ಇಡೀ ಊರೇ ನೋಡಿದೆ, ಅದಕ್ಕೆ ಬಾರದ ನಾಚಿಕೆ ಇದಕ್ಕೆ ಬಂದಿತ್ತು ನೋಡಿ. ಚಹಾ ಬಂತು. ಎಲ್ಲರಿಗೂ ಗ್ಲಾಸ್ ತುಂಬ, ನನಗೆ ಮಾತ್ರ ಅರ್ಧ. ಹೊಸಬ ಅಂತ ಭೇದ ಮಾಡಿದರೇನೋ ಅಂದುಕೊಂಡೆ. ಗ್ಲಾಸ್ ಎತ್ತಿದಾಗ ಗೊತ್ತಾಯ್ತು: ನನ್ನ ಕೈ ನಡುಕಕ್ಕೆ ತುಂಬಿದ ಗ್ಲಾಸಾಗಿದ್ದರೆ ಅರ್ಧ ಅಂಗಿಯ ಮೇಲೇ ಇರುತ್ತಿತ್ತು. ಚಹಾ ಹಾಕಿದವರು ಹಮಾಲಿ ಕೆಲಸದ ಮಾವ ಒಬ್ಬರು. "ಇನ್ನಷ್ಟು ಬೇಕಂದ್ರ ಮತ್ತ ಹಾಕ್ತೀನಿ ತಮ್ಮಾ" ಅಂದರು, ಅಷ್ಟೇ. ಉಪದೇಶ ಇಲ್ಲ. ನಾಲ್ಕನೇ ವಾರಕ್ಕೆ ಅವರೇ ಕೇಳದೆ ಗ್ಲಾಸ್ ತುಂಬಿಸಿದರು.

ಆಮೇಲೆ ನಾನೂ ಒಮ್ಮೆ ಜಾರಿದೆ, ಸೋದರಳಿಯನ ಮದುವೆಯಲ್ಲಿ. ಮುಂದಿನ ಸಭೆಗೆ ಹೋಗಿ ಹೇಳಿದೆ. ಯಾರೂ ನಗಲಿಲ್ಲ.

ದುಡ್ಡಿನ ಸೆಂಟರೇ ಬೇಕಾಗಿ ಬಂದರೆ ನೋಂದಣಿ ಇದೆಯಾ, ಡಾಕ್ಟರು ಇದ್ದಾರಾ, ಮನೆಯವರನ್ನು ಒಳಗೆ ಬಿಡುತ್ತಾರಾ ಕೇಳಿ. ಕೂಡಿಹಾಕಿ ಬಡಿಯುವ ಕಡೆ ಹೋಗಿಬಂದ ಗೆಳೆಯನನ್ನು ನೋಡಿದ್ದೇನೆ.

ಇನ್ನೊಂದು. ದಿನಾ ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರು ಕೇಳಿದಾಗ ಅರ್ಧ ಮಾಡಿ ಹೇಳಬೇಡಿ. ನಾನು ಲೆಕ್ಕ ಬರೆಯುವವನು, ನಾನೂ ಹಾಗೇ ಹೇಳಿದ್ದೆ. ಅವರು ಮಾತ್ರೆ ಬರೆಯೋದು ಆ ಲೆಕ್ಕದ ಮೇಲೆ.