ಪ್ಲೇಗು ನಿಜವಾಗಿರಲಿ: ಒಂದು ನೀಳ್ಗತೆಗೆ ಸಂಪಾದಕರ ಉತ್ತರ

ಮಾನ್ಯರೇ,

2190ನೇ ಇಸವಿಯಿಂದ ಹೊರಟ ಮೂವರು ತನಿಖಾಧಿಕಾರಿಗಳು 1898ರ ದಾವಣಗೆರೆಗೆ ಬಂದಿಳಿದು, ಪ್ಲೇಗಿನ ಸಾವುಗಳ ಮರೆಯಲ್ಲಿ ಅನ್ಯಗ್ರಹದ ಜೀವಿಯೊಂದು ಮನುಷ್ಯರನ್ನು ಬೇಟೆಯಾಡುತ್ತಿರುವುದನ್ನು ಪತ್ತೆಹಚ್ಚುವ ನಿಮ್ಮ ನೀಳ್ಗತೆ ತಲುಪಿದೆ. ಬಾತಿ ಗುಡ್ಡದ ಹಿಂದೆ ಬೆಳಗಿನ ಜಾವ ಕಾಲಯಂತ್ರ ಇಳಿಯುವ ದೃಶ್ಯ ಚೆನ್ನಾಗಿದೆ. ನಿಮ್ಮ ಭಾಷೆ ಎಲ್ಲಿಯೂ ತೊಡರುವುದಿಲ್ಲ. ಆದರೆ ಎರಡನೆಯ ಭಾಗ ಓದುವಾಗ ನನಗೆ ಸಿಟ್ಟು ಬಂತು. ಅದರ ಕಾರಣ ತಿಳಿಸದೆ ಕಥೆಯನ್ನು ಹಿಂದಿರುಗಿಸುವುದು ಸರಿಯಲ್ಲವೆಂದು ಇಷ್ಟು ಬರೆಯುತ್ತಿದ್ದೇನೆ. ಅಮಲ್ದಾರರ ಬಾಯಲ್ಲಿ ‘ದಾವಣಗೆರೆ ಜಿಲ್ಲೆ’ ಎಂದು ಹೇಳಿಸಿರುವಂಥ ತಪ್ಪುಗಳ ಮಾತನ್ನು ಇಲ್ಲಿ ಎತ್ತುವುದಿಲ್ಲ. ಆಗ ನಮ್ಮ ಊರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇಂಥದ್ದನ್ನು ಕರಡು ತಿದ್ದುವವರೇ ಸರಿಪಡಿಸುತ್ತಾರೆ.

ನನ್ನ ತಕರಾರು ಈ ವಾಕ್ಯದಿಂದ ಶುರುವಾಗುತ್ತದೆ: ‘ಊರಿಗೆ ಊರೇ ಸ್ಮಶಾನವಾಗಿತ್ತು, ಬೀದಿಬೀದಿಯಲ್ಲಿ ಹೆಣಗಳ ರಾಶಿ ಬಿದ್ದಿತ್ತು.’ ಇದು ಯಾವ ಊರಿನ, ಯಾವ ಕಾಲದ, ಯಾವ ಪಿಡುಗಿಗೂ ಒಪ್ಪುವ ವಾಕ್ಯ. ನಮ್ಮ ಸೀಮೆಯಲ್ಲಿ ಪ್ಲೇಗು ಬಂದಾಗ ಇಲಿ ಸತ್ತುಬಿದ್ದ ಸುದ್ದಿ ತಿಳಿದ ಕೂಡಲೇ ಜನ ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ನಿಮ್ಮ ತನಿಖಾಧಿಕಾರಿಗಳು ಕಾಣಬೇಕಾದದ್ದು ಹೆಣಗಳ ರಾಶಿಯನ್ನಲ್ಲ. ಹಗಲು ಹೊತ್ತಿನಲ್ಲೇ ಬಾಗಿಲು ಹಾಕಿದ ಸಾಲುಮನೆಗಳನ್ನು, ಒಲೆ ಹೊತ್ತದ ಕೇರಿಯನ್ನು, ಊರಾಚೆಯ ಹೊಲಗಳಲ್ಲಿ ಏಳುವ ಅಡುಗೆಯ ಹೊಗೆಯನ್ನು. ಇಪ್ಪತ್ತೆರಡನೆಯ ಶತಮಾನದಿಂದ ಬಂದವರಿಗೆ ಜನ ಎಲ್ಲಿ ಹೋದರೆಂದು ತಿಳಿಯದೆ ದಿಗಿಲಾಗುತ್ತಿತ್ತು. ಆ ದಿಗಿಲನ್ನು ನೀವು ಕೈಬಿಟ್ಟಿದ್ದೀರಿ.

ಅದೇ ಪುಟದಲ್ಲಿ ಮುಂದೆ ಹೀಗಿದೆ: ‘ಅಜ್ಞಾನಿ ಜನ ಮಾರಮ್ಮನ ಗುಡಿಯ ಮುಂದೆ ಕೈಕಟ್ಟಿ ಕುಳಿತು ಸಾವನ್ನು ಕಾಯುತ್ತಿದ್ದರು.’ ಈ ವಾಕ್ಯವನ್ನು ನಾನು ಯಾವ ಕಾರಣಕ್ಕೂ ಅಚ್ಚು ಮಾಡಲಾರೆ. ಗುಡಿಗೆ ಹೋದರು, ಹರಕೆ ಹೊತ್ತರು, ನಿಜ. ಆದರೆ ಕೈಕಟ್ಟಿ ಕೂರಲಿಲ್ಲ. ವಿಜ್ಞಾನಿ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ಸೂಕ್ಷ್ಮಾಣುವನ್ನು ಗುರುತಿಸಿದ್ದು 1894ರಲ್ಲಿ. ಅದು ಇಲಿಯ ಚಿಗಟದ ಮೂಲಕ ಮನುಷ್ಯರಿಗೆ ದಾಟುತ್ತದೆಂದು ವೈದ್ಯ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ನಿಮ್ಮ ಕಥೆ ನಡೆಯುವ 1898ರಲ್ಲೇ, ಮತ್ತು ಅದನ್ನು ವಿದ್ವಾಂಸರೇ ಎಷ್ಟೋ ವರ್ಷ ಒಪ್ಪಲಿಲ್ಲ. ಅಧಿಕಾರಿಗಳು ನೆಲ ತೊಳೆಸಿ ಗೋಡೆಗೆ ಸುಣ್ಣ ಬಳಿಸುತ್ತಿದ್ದ ಕಾಲದಲ್ಲಿ, ಇಲಿ ಬಿದ್ದರೆ ಊರು ಬಿಡಬೇಕು ಎಂಬ ತಿಳಿವಳಿಕೆ ನಮ್ಮ ಹಳ್ಳಿಗರಲ್ಲಿತ್ತು, ಅದು ಸರಿಯೂ ಆಗಿತ್ತು. ನಿಮ್ಮ ಕಥೆಯಲ್ಲಿ ಒಂದೇ ಒಂದು ಇಲಿಯೂ ಇಲ್ಲ. ಪ್ಲೇಗಿನ ಕಥೆಯಲ್ಲಿ ಇಲಿಯಿಲ್ಲದಿದ್ದರೆ ಓದುಗ ಮಿಕ್ಕದ್ದನ್ನು ಹೇಗೆ ನಂಬಬೇಕು?

ಇಲ್ಲಿ ನನ್ನ ಕಲಿಕೆಯ ದಿನಗಳು ನೆನಪಾಗುತ್ತವೆ. ನಾನು ಚಿತ್ರದುರ್ಗದ ಒಂದು ಸಣ್ಣ ವಾರಪತ್ರಿಕೆಯಲ್ಲಿ, ಅಚ್ಚಿನ ಮೊಳೆ ಜೋಡಿಸುವವರ ಪಕ್ಕದ ಬೆಂಚಿನಲ್ಲಿ ಕುಳಿತು ಕೆಲಸ ಕಲಿತವನು. ಅಲ್ಲಿನ ಸಂಪಾದಕರು ‘ಭೀಕರ’, ‘ಘೋರ’ ಎಂಬ ಪದಗಳನ್ನು ಕಂಡರೆ ಪೆನ್ಸಿಲಿನಿಂದ ಸುತ್ತುಹಾಕಿ, “ಇದು ನಿನ್ನ ಅನಿಸಿಕೆ, ಅಲ್ಲಿ ಏನಾತು ಅನ್ನೋದನ್ನ ಕೇಳ್ಕಂಡ್ ಬಾ” ಎನ್ನುತ್ತಿದ್ದರು. ಅವರೇ ಒಮ್ಮೆ, ಪ್ಲೇಗಿನ ಕಾಲ ಕಂಡ ಹಿರಿಯರ ಮಾತು ಬರೆದುಕೊಂಡು ಬರಲು ನನ್ನನ್ನು ಚಳ್ಳಕೆರೆಯ ಕಡೆಯ ಹಳ್ಳಿಗಳಿಗೆ ಕಳುಹಿಸಿದರು. ಒಬ್ಬ ಅಜ್ಜಿ ಸಾವಿನ ವಿಷಯ ಹೆಚ್ಚು ಹೇಳಲಿಲ್ಲ. ಹೇಳಿದ್ದೆಲ್ಲ ಹಗೇವಿನಲ್ಲಿ, ಎಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜದಲ್ಲಿ, ಉಳಿದ ಜೋಳದ ವಿಷಯ. “ಹಗೇವಿನಾಗೆ ಜೋಳ ಹಂಗೇ ಐತೆ, ಹೊಲದಾಗೆ ಮಕ್ಳು ಹಸ್ಕಂಡವೆ. ನಮ್ಮಪ್ಪ ಕತ್ತಲಾದ ಮ್ಯಾಲೆ ಒಬ್ನೇ ಊರಾಕೆ ಹೋಗಿ ಚೀಲ ತುಂಬ್ಕಂಡ್ ಬರೋನು. ಅವ್ವ ಬ್ಯಾಡ ಅಂತ ಕಾಲು ಹಿಡಿಯೋಳು.” ನಾನು ಇದನ್ನು ಬರೆದು ಕೊಟ್ಟಾಗ ಸಂಪಾದಕರು ಒಂದಕ್ಷರವನ್ನೂ ತಿದ್ದದೆ ಮೊಳೆ ಜೋಡಿಸಲು ಕೊಟ್ಟರು.

ನಿಮ್ಮ ಕಥೆ ಓದುವಾಗ ನನಗೆ ಮತ್ತೆ ಮತ್ತೆ ಕಂಡದ್ದು ಆ ಅಪ್ಪ. ಎಲ್ಲರೂ ಬಿಟ್ಟುಹೋದ ಊರಿಗೆ ರಾತ್ರಿ ಒಬ್ಬನೇ ಬರುವ ಮನುಷ್ಯ. ಅವನು ಬಂದದ್ದನ್ನು ಬೇರೆ ಯಾರೂ ನೋಡುವುದಿಲ್ಲ. ಹಿಂದಿರುಗದಿದ್ದರೆ ಪ್ಲೇಗು ತಗುಲಿತೆಂದು ಹೊಲದಲ್ಲಿರುವವರು ನಂಬುತ್ತಾರೆ, ಹುಡುಕಿಕೊಂಡು ಬರಲು ಅವರಿಗೆ ಭಯ. ಬೇಟೆಗಾರ ಜೀವಿಯೊಂದು ಹೊಂಚು ಹಾಕುವುದಾದರೆ ಹಗೇವಿನ ಬಾಯಿಯ ಹತ್ತಿರ ಹಾಕೀತು. ನೀವು ಅದನ್ನು ಸಂತೆಬೀದಿಯ ನಟ್ಟನಡುವೆ, ನೂರಾರು ಜನರ ಎದುರು ತಂದು ನಿಲ್ಲಿಸಿದ್ದೀರಿ. ಅಡಗಿರುವ ಜೀವಿಯ ಕಥೆಯಲ್ಲಿ ಅಡಗುವುದಕ್ಕೆ ಜಾಗವನ್ನೇ ಕೊಟ್ಟಿಲ್ಲ.

ಇನ್ನು ತನಿಖೆ. ‘ಹೆಣದ ಕಂಕುಳಲ್ಲಿ ಗಡ್ಡೆಯಿರಲಿಲ್ಲ. ಒಂದೇ ನೋಟಕ್ಕೆ ವಿಕ್ರಮನಿಗೆ ಅರಿವಾಯಿತು: ಇದು ಪ್ಲೇಗಲ್ಲ.’ ಗಡ್ಡೆ ಪ್ಲೇಗಿನ ಗುರುತು ನಿಜ, ಆದರೆ ಇಷ್ಟು ಸುಲಭವಲ್ಲ. ಸೋಂಕು ನೇರವಾಗಿ ಶ್ವಾಸಕೋಶಕ್ಕೆ ಅಥವಾ ರಕ್ತಕ್ಕೆ ಇಳಿದರೆ ಗಡ್ಡೆ ಏಳುವ ಮೊದಲೇ ಮನುಷ್ಯ ಸಾಯಬಹುದು. ಪ್ಲೇಗಿನಲ್ಲಿ ಇದೂ ಉಂಟು. ಭವಿಷ್ಯದಿಂದ ಬಂದ ತನಿಖಾಧಿಕಾರಿಗೆ ಇದು ತಿಳಿದಿರಲೇಬೇಕು. ಅವನು ಮೊದಲು ಇದು ಪ್ಲೇಗೇ ಎಂದು ಸಾಧಿಸಲು ನೋಡಬೇಕು, ಆ ಪ್ರಯತ್ನದಲ್ಲಿ ಸೋಲಬೇಕು. ಒಂದು ಉದಾಹರಣೆ ಕೊಡುತ್ತೇನೆ. ಸತ್ತ ಇಲಿಯ ಮೈ ತಣ್ಣಗಾಗುತ್ತಿದ್ದಂತೆ ಚಿಗಟಗಳು ಅದನ್ನು ಬಿಟ್ಟು ಹತ್ತಿರದ ಬಿಸಿ ಮೈಗೆ ಹಾರುತ್ತವೆ. ಬೀಗ ಹಾಕಿದ ಒಂದು ಮನೆಯಲ್ಲಿ ಇಲಿಗಳು ಬಿದ್ದಿವೆ, ಚಿಗಟಗಳು ನೆಲದ ತುಂಬ ಹಸಿದು ಹಾರಾಡುತ್ತಿವೆ, ಮೂಲೆಯಲ್ಲಿ ಕಂಬಳಿ ಹೊದ್ದು ಒಬ್ಬ ಮುದುಕ ಮಲಗಿದ್ದಾನೆ. ಆದರೆ ಆ ಕಂಬಳಿಯ ಹತ್ತಿರ ಒಂದು ಚಿಗಟವೂ ಸುಳಿಯುತ್ತಿಲ್ಲ. ಅಲ್ಲಿ ಮಲಗಿರುವುದು ಮನುಷ್ಯನಲ್ಲವೆಂದು ತಿಳಿಯಲು ಇಷ್ಟು ಸಾಕು. ಇದನ್ನೇ ಬಳಸಬೇಕೆಂದು ನಾನು ಹೇಳುತ್ತಿಲ್ಲ. ರೋಗದ ರೀತಿನೀತಿ ಚೆನ್ನಾಗಿ ತಿಳಿದಾಗ ಮಾತ್ರ ಅದರಲ್ಲಿ ಕೂಡಿಬಾರದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ, ಪತ್ತೇದಾರಿ ಕಥೆ ಹುಟ್ಟುವುದು ಅಲ್ಲಿ.

ಕೊನೆಯ ಪುಟದ ವಾಕ್ಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು: ‘ಪ್ಲೇಗು ಎಂಬುದೇ ಇರಲಿಲ್ಲ, ಎಲ್ಲರನ್ನೂ ಕೊಂದದ್ದು ಆ ಜೀವಿ.’ 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಪ್ಲೇಗು ಮುಂದಿನ ದಶಕಗಳಲ್ಲಿ ಈ ದೇಶದ ಒಂದು ಕೋಟಿಗೂ ಹೆಚ್ಚು ಜನರನ್ನು ತೆಗೆದುಕೊಂಡಿತು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಅದು ತಲುಪಿದ್ದು ಹುಬ್ಬಳ್ಳಿಯ ಕಡೆಯಿಂದ, ರೈಲಿನಲ್ಲಿ. ಹರಿಹರ, ದಾವಣಗೆರೆಗಳ ಮೇಲೆ ಹಾಯುವ ಇದೇ ದಾರಿಯಲ್ಲಿ. ರೈಲು, ದವಸದ ಮೂಟೆ, ಇಕ್ಕಟ್ಟಿನ ಮನೆ, ಪ್ರಯಾಣಿಕರ ಕಂಕುಳು ಮುಟ್ಟಿ ನೋಡಿ ತಡೆದು ನಿಲ್ಲಿಸಿದ ತಪಾಸಣೆ, ಮನೆಯವರನ್ನು ಅಗಲಿಸಿದ ಪ್ರತ್ಯೇಕ ಶಿಬಿರ, ಇವೆಲ್ಲ ಮನುಷ್ಯರು ಮಾಡಿದ್ದು, ಮನುಷ್ಯರು ಅನುಭವಿಸಿದ್ದು. ಎಲ್ಲವನ್ನೂ ಅನ್ಯಗ್ರಹದ ತಲೆಗೆ ಕಟ್ಟಿದರೆ ಯಾರೂ ಯಾವುದಕ್ಕೂ ಹೊಣೆಯಾಗುವುದಿಲ್ಲ, ಸತ್ತವರ ಸಾವಿಗೂ ಅರ್ಥವುಳಿಯುವುದಿಲ್ಲ. ನಿಮ್ಮ ಜೀವಿ ಬೇಕಾದರೆ ಹತ್ತು ಜನರನ್ನು ಕೊಲ್ಲಲಿ. ಪ್ಲೇಗು ಕೊಂದ ಸಾವಿರ ಜನರ ನಡುವೆ ಆ ಹತ್ತು ಯಾವುದೆಂದು ಹುಡುಕುವುದು ನಿಮ್ಮ ತನಿಖಾಧಿಕಾರಿಗಳ ಕೆಲಸವಾಗಲಿ. ಹುಡುಕಿದ ಮೇಲೂ ಮಿಕ್ಕವರನ್ನು ಉಳಿಸಲು ಅವರಿಂದ ಆಗುವುದಿಲ್ಲ; ಮದ್ದು ತಿಳಿದಿದ್ದೂ ಕೊಡುವಂತಿಲ್ಲವೆಂಬ ಕಾಲಯಾನದ ಕಟ್ಟಳೆಯನ್ನು ಮೊದಲ ಪುಟದಲ್ಲಿ ನೀವೇ ಬರೆದಿಟ್ಟು ಆಮೇಲೆ ಮರೆತಿದ್ದೀರಿ. ಅದನ್ನು ಕೊನೆಯವರೆಗೂ ತನ್ನಿ.

ಮೊದಲ ಭಾಗವನ್ನು ಮುಟ್ಟಬೇಡಿ. ಎರಡನೆಯದನ್ನು ಹೊಸದಾಗಿ ಬರೆಯಿರಿ. ಬರೆಯುವ ಮುನ್ನ ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಊರು ಬಿಟ್ಟ ಕಥೆಯನ್ನು ತಮ್ಮ ಹಿರಿಯರಿಂದ ಕೇಳಿದವರು ಇದ್ದರೆ ಅವರ ಹತ್ತಿರ ಕುಳಿತು, ಗುಡಿಸಲಿನಲ್ಲಿ ಏನು ಬೇಯಿಸಿದರು, ದನಗಳನ್ನು ಎಲ್ಲಿ ಕಟ್ಟಿದರು, ಊರಿಗೆ ಮರಳುವ ದಿನವನ್ನು ಯಾರು ಗೊತ್ತುಮಾಡಿದರು ಎಂದು ಕೇಳಿ ಬರೆದುಕೊಳ್ಳಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ, ದಾವಣಗೆರೆ